ಒಂದು ಕೂದಲಿನ ಸುಳ್ಳು

ನನ್ನ ಊಟದ ಡಬ್ಬಿಯಿಂದ ಸಾರು ಸೋರದ ದಿನ ವಾರಕ್ಕೆ ಎರಡೋ ಮೂರೋ ಇರಬಹುದು. ಮಾಕಳಿಯಿಂದ ಪೀಣ್ಯದ ಕಾರ್ಖಾನೆಗೆ ಬಸ್ಸಿನಲ್ಲಿ ನಿಂತು ಬರುವಷ್ಟರಲ್ಲಿ ಚೀಲದ ತಳ ಹಳದಿಯಾಗಿರುತ್ತದೆ. ನೀವು ನಗಬೇಕಾದದ್ದು ಏನೆಂದರೆ, ಎಂಟನೇ ತರಗತಿಗೆ ಶಾಲೆ ಬಿಟ್ಟ ನಾನು ಇಪ್ಪತ್ತಾರು ವರ್ಷದಿಂದ ಲೋಹ ಕಡೆಯುವ ಲೇತ್ ಮುಂದೆ ನಿಂತು ಮಾಡುತ್ತಿರುವುದು ಸೋರದ ವಾಲ್ವುಗಳನ್ನು. ಡಬ್ಬಿ ಬದಲಾಯಿಸಬಹುದು, ಈಗೀಗ ಅದಕ್ಕೂ ಬೇಜಾರು.

ನನ್ನ ತಂಗಿ ಭಾರತಿಯ ಕೆಲಸ ನೀರಿನೊಳಗೆ. ಆಸ್ಟ್ರೇಲಿಯಾದ ದಕ್ಷಿಣದ ತಣ್ಣನೆಯ ಕಡಲಿನಲ್ಲಿ ಕೆಲ್ಪ್ ಎಂಬ ಕಡಲಪಾಚಿ ತೆಂಗಿನಮರದಷ್ಟು ಎತ್ತರ ಬೆಳೆದು ಕಾಡಾಗುತ್ತದಂತೆ. ಅವಳೂ ಅವಳಂಥ ನಾಲ್ಕಾರು ಕಡಲಹುಚ್ಚಿನವರೂ ಅದರೊಳಗೆ ಮುಳುಗಿ ಅಳತೆ ಹಿಡಿದು, ಚಿತ್ರ ತೆಗೆದು, ಇದನ್ನು ಉಳಿಸಿ ಎಂದು ಅಲ್ಲಿನ ಸರ್ಕಾರದ ಮುಂದೆ ಇಡುತ್ತಾರೆ. ಪಾಚಿಗೂ ಫೋಟೋನಾ ಎಂದು ತಮಾಷೆ ಮಾಡಿದವನು ನಾನೇ. ಆದರೂ ಕ್ಯಾಮೆರಾಕ್ಕೆ ನೀರು ತಾಗದಂಥ ಅಲ್ಯೂಮಿನಿಯಂ ಡಬ್ಬಿ ಬೇಕಾದಾಗ ಅವಳು ಕೇಳಿದ್ದು ನನ್ನನ್ನು. ಎದೆ ಉಬ್ಬಿತ್ತು.

ಅಂಥ ಡಬ್ಬಿಯನ್ನು ನಮ್ಮ ಕಾರ್ಖಾನೆಯ ಒತ್ತಡದ ನೀರಿನ ತೊಟ್ಟಿಯಲ್ಲಿ ಒಂದು ಶಿಫ್ಟಾದರೂ ಇಟ್ಟು ನೋಡಬೇಕು. ಅವತ್ತು ತೊಟ್ಟಿಯ ತುಂಬ ಅರ್ಜೆಂಟ್ ಆರ್ಡರಿನ ವಾಲ್ವುಗಳು. ಬಕೆಟ್ಟಿನಲ್ಲಿ ಐದು ನಿಮಿಷ ಅದ್ದಿದೆ, ಗುಳ್ಳೆ ಏಳಲಿಲ್ಲ, ಒರೆಸಿ ಕಟ್ಟಿಟ್ಟೆ. ತೊಟ್ಟಿಯಲ್ಲಿ ನೋಡಿದೆಯಾ ಎಂದು ಅವಳು ಕೇಳಿದಾಗ ಹೂಂ ಅಂದೆ.

ಕಡಲಿನ ಆಳದಲ್ಲಿ ನೀರು ನುಗ್ಗಿ ಕ್ಯಾಮೆರಾ ಹಾಳಾಯಿತು. ಬೇರೆಯದು ಇರಲಿಲ್ಲ, ಆ ವರ್ಷ ಚಿತ್ರವಿಲ್ಲದೆ ಕಳೆಯಿತು. ಮರುವರ್ಷ ಕಡಲು ಬಿಸಿಯಾಗಿ ಆ ಕಾಡೇ ಸತ್ತಿತು. ಅಲ್ಲಿ ಏನಿತ್ತೆಂದು ತೋರಿಸಲು ಅವರ ಬಳಿ ಏನೂ ಉಳಿಯಲಿಲ್ಲ. ಅವಳು ರಿಪೇರಿಗೆಂದು ತಂದ ಡಬ್ಬಿಯಲ್ಲಿ, ನೀರು ತಡೆಯುವ ರಬ್ಬರ್ ರಿಂಗು ಕೂರುವ ಕಾಲುವೆಗೆ ಅಡ್ಡಲಾಗಿ, ನನ್ನ ಲೇತಿನ ಗೀರು ಉಗುರಿಗೆ ಸಿಕ್ಕಿತು. ಉಜ್ಜಿ ಅಳಿಸಿಬಿಟ್ಟೆ. ಮುಚ್ಚುವಾಗ ರಿಂಗಿನ ಮೇಲೆ ನಿನ್ನ ಕೂದಲು ಕೂತು ನೀರು ನುಗ್ಗಿರಬೇಕು ಎಂದು ಅವಳಿಗೆ ಹೇಳಿದೆ.

ಮುಂದಿನ ಸಲ ಬಂದಾಗ ಸೊಂಟದ ತನಕ ಇದ್ದ ಅವಳ ಜಡೆ ಇರಲಿಲ್ಲ. ಯಾವ ದೇವರಿಗೆ ಹರಕೆ ಎಂದು ನನ್ನ ಹೆಂಡತಿ ಕೇಳಿದಳು. ತಂಗಿ ನಕ್ಕಳು. ನಾನು ಟಿವಿ ನೋಡುತ್ತಾ ಕೂತೆ. ಅದು ಆಫ್ ಆಗಿತ್ತು.

ಕಳೆದ ಭಾನುವಾರ ಮನೆಗೆ ಬಂದಿದ್ದವಳು, ತಾವೆಲ್ಲ ಸೇರಿ ಮಾಡಿದ ಸಾಕ್ಷ್ಯಚಿತ್ರವನ್ನು ಫೋನಿನಲ್ಲಿ ತೋರಿಸಿದಳು. ಕಂದು ಎಲೆಗಳ ನಡುವೆ ಬಿಸಿಲು ಓರೆಯಾಗಿ ಇಳಿಯುತ್ತಿತ್ತು. ಒಂದು ಕಡೆ ಪರದೆ ಕಪ್ಪಾಗಿ, ಅವಳ ದನಿ ಮಾತ್ರ ಇಂಗ್ಲಿಷಿನಲ್ಲಿ ಕೇಳಿಸಿತು. ಅರ್ಥ ಕೇಳಿದೆ.

"ಇಲ್ಲಿದ್ದ ಕಾಡಿನ ಚಿತ್ರ ನಮ್ಮತ್ರ ಇಲ್ಲ, ನನ್ನ ತಪ್ಪಿಂದ ಹೋಯ್ತು ಅಂತ ಹೇಳಿದೀನಿ ಅಣ್ಣ."

ನನಗೆ ಧೈರ್ಯ ಬಂತೆಂದು ತಿಳಿಯಬೇಡಿ. ಆ ಸುಳ್ಳನ್ನು ಹೊತ್ತು ಹೊತ್ತು ಸುಸ್ತಾಗಿತ್ತು, ಅಷ್ಟೆ.

"ಕೂದಲಲ್ಲ ಕಣಮ್ಮ, ನನ್ನ ಲೇತಿನ ಗೀರು. ತೊಟ್ಟೀಲಿ ನಾನು ನೋಡೇ ಇರ್ಲಿಲ್ಲ."

ಅವಳು ಬೈಯಲಿಲ್ಲ. ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಕೇಳಿದಳು, "ಅದಾದ್ಮೇಲೆ ಇನ್ನೆರಡು ಡಬ್ಬಿ ಮಾಡ್ಕೊಟ್ಟೆಯಲ್ಲ, ಅವನ್ನ ನೋಡಿದ್ಯಾ?"

"ಎರಡು ಶಿಫ್ಟ್ ಇಟ್ಟು ನೋಡಿದೀನಿ." ಇದು ನಿಜ.

"ಸರಿ," ಎಂದು ಫೋನೆತ್ತಿ ಗೆಳೆಯರಿಗೆ ಏನೋ ಬರೆದಳು. "ನೀರಿಗೆ ಇಳಿಸೋ ಮುಂಚೆ ಅಲ್ಲೇ ಇನ್ನೊಂದ್ಸಲ ನೋಡ್ಕೊಳ್ಳಿ ಅಂತ ಹೇಳಿದೆ. ಬೇಜಾರು ಮಾಡ್ಕೋಬೇಡ."