ಡ್ರಮ್ ತಪ್ಪಿತೋ, ಬೇಸ್ ತಪ್ಪಿತೋ

ಪಿನಾಂಗ್ ದ್ವೀಪದ ಬಯಾನ್ ಲೆಪಾಸ್‌ನಲ್ಲಿ, ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಪಕ್ಕದ ಮನೆಯಲ್ಲಿದ್ದವರು ಎಂಬತ್ತರ ಹತ್ತಿರದ ಐರಿಶ್ ವೃದ್ಧರು. ಪಿನಾಂಗಿನ ಹೆಂಗಸನ್ನು ಮದುವೆಯಾಗಿ ಇಲ್ಲೇ ಉಳಿದವರು. ಆಕೆ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಲಾಕ್‌ಡೌನಿನಲ್ಲಿ ಮನೆಗೊಬ್ಬರೇ ಹೊರಗೆ ಹೋಗಬೇಕೆಂದಾಗ ಅವರ ಹಾಲು, ಬ್ರೆಡ್ಡನ್ನೂ ನಾನೇ ತರತೊಡಗಿದೆ. ಬಾಗಿಲಿನ ಆಚೆ ಈಚೆ ನಿಂತು ಮಾತಾಡುತ್ತಿದ್ದೆವು. ಇಲ್ಲಿಯವರಂತೆ ಅವರೂ ಮಾತಿನ ಕೊನೆಗೊಂದು ‘ಲಾ’ ಸೇರಿಸುತ್ತಿದ್ದರು.

ಅರವತ್ತರ ದಶಕದಲ್ಲಿ ಅವರು ಒಂದು ರಾಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದರಂತೆ. ಒಂದೇ ಬೀದಿಯ ನಾಲ್ವರು, ಒಂದೇ ಬಟ್ಟೆಯ ತಾನಿನಲ್ಲಿ ಹೊಲಿಸಿದ ಸೂಟು, ಊರೂರಿನ ಡಾನ್ಸ್ ಹಾಲು. ಎರಡು ವರ್ಷ ತುಂಬುವ ಮೊದಲೇ ಎಲ್ಲ ಮುಗಿಯಿತು. ಲಂಡನ್ನಿನ ರೆಕಾರ್ಡ್ ಕಂಪನಿಯವನೊಬ್ಬ ಬಂದು ಮೂರು ಹಾಡು ರೆಕಾರ್ಡ್ ಮಾಡಿಸಿದ. ಮೂರನೆಯದರಲ್ಲಿ ತಾಳ ತಪ್ಪಿತು. ಅವನು ಟೇಪನ್ನು ಅಲ್ಲೇ ಬಿಟ್ಟು ಹೊರಟುಹೋದ. ತಪ್ಪಿದ್ದು ಡ್ರಮ್ಮೇ ಎಂದು ಬೇಸ್ ಗಿಟಾರಿನವನು ಹೇಳಿದ, ಉಳಿದವರು ನಂಬಿದರು, ಬ್ಯಾಂಡು ಒಡೆಯಿತು. ಬೇಸಿನವನು ಇವರ ಬಾಲ್ಯದ ಗೆಳೆಯ. ಸ್ನೇಹ ಉಳಿಯಲೆಂದು ಇವರು ತಪ್ಪೊಪ್ಪಿಕೊಂಡರು. ಟೇಪು ತಮ್ಮ ಬಳಿಯೇ ಉಳಿದರೂ ಅದನ್ನು ಒಮ್ಮೆಯೂ ಕೇಳಲಿಲ್ಲ.

ಹಳೆಯ ಟೇಪ್‌ರೆಕಾರ್ಡರುಗಳನ್ನು ರಿಪೇರಿ ಮಾಡುವ ಹುಚ್ಚು ನನಗಿದೆಯೆಂದು ತಿಳಿದ ದಿನ ಅವರು ಟೇಪಿನ ಡಬ್ಬಿಯನ್ನು ಬಾಗಿಲ ಹೊರಗಿಟ್ಟರು.

“ಈ ರೋಗದಲ್ಲಿ ಯಾವಾಗ ಹೋಗ್ತೀನೋ ಗೊತ್ತಿಲ್ಲ. ಕೇಳೋಕೆ ನನಗೆ ಧೈರ್ಯ ಇಲ್ಲ. ನೀನು ಕೇಳಿ ಹೇಳು ಲಾ, ತಪ್ಪಿದ್ದು ನಾನಾ, ಅವನಾ?”

ಟೇಪಿಗೆ ಬೂಷ್ಟು ಹಿಡಿದಿತ್ತು. ನಾನು ಕೆಲಸ ಮಾಡುವ ಫ್ಯಾಕ್ಟರಿಯಲ್ಲಿ ತೇವ ಹೀರಿದ ಕಂಪ್ಯೂಟರ್ ಚಿಪ್‌ಗಳನ್ನು ಸಣ್ಣ ಕಾವಿನ ಓವನ್ನಿನಲ್ಲಿಟ್ಟು ಒಣಗಿಸುತ್ತೇವೆ. ಟೇಪುಗಳನ್ನೂ ಹಾಗೆ ಒಣಗಿಸುತ್ತಾರೆಂದು ಎಲ್ಲೋ ಓದಿದ್ದೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನು ಇನ್ನೊಬ್ಬರನ್ನು ಏನು ಕೇಳುವುದು ಎಂಬ ಅಹಂಕಾರ ಬೇರೆ. ಅಡುಗೆಮನೆಯ ಓವನ್ನಿನಲ್ಲಿಟ್ಟೆ. ಆ ಕಾಲದ ಟೇಪಿನ ಪ್ಲಾಸ್ಟಿಕ್ಕೇ ಬೇರೆ, ಅದಕ್ಕೆ ಕಾವು ಆಗದು ಎಂದು ತಿಳಿದದ್ದು ಅದು ಹಪ್ಪಳದಂತೆ ಸೊಟ್ಟಗಾಗಿ, ಮೆಷಿನ್ನಿಗೆ ಹಾಕಿದೊಡನೆ ಚೂರುಚೂರಾದ ಮೇಲೆ. ಒಂದು ಸ್ವರವೂ ಕೇಳಲಿಲ್ಲ.

“ಹೋಗಿ ನಿಜ ಹೇಳ್ಬಿಡ್ರೀ, ಬೈದ್ರೆ ಬೈಸ್ಕೊಳ್ಳಿ,” ಅಂದಳು ಹೆಂಡತಿ.

ಹೋದೆ. ಅವರ ಮುಖ ನೋಡಿದ್ದೇ ತಡ, ಬಾಯಿಗೆ ಬಂದದ್ದು ಬೇರೆ. “ಒಂದೇ ಸಲ ಕೇಳಿಸ್ತು ಸರ್, ಆಮೇಲೆ ಹರಿದೋಯ್ತು. ನಿಮ್ಮ ಡ್ರಮ್ ಸರಿಯಾಗೇ ಇತ್ತು.”

ಖುಷಿಪಡುತ್ತಾರೆಂದುಕೊಂಡಿದ್ದೆ. ಅವರು ಬಾಗಿಲು ಹಿಡಿದುಕೊಂಡು ನಿಂತರು.

“ಹಾಗಾದ್ರೆ ಅವನೇ. ಗೊತ್ತಿದ್ದೂ ನನ್ನ ಮೇಲೆ ಹೊರಿಸಿದ.”

ಆ ಗೆಳೆಯ ಪ್ರತಿ ಭಾನುವಾರ ಐರ್ಲೆಂಡಿನಿಂದ ಫೋನ್ ಮಾಡುತ್ತಿದ್ದರು. ನಾಲ್ವರಲ್ಲಿ ಉಳಿದಿದ್ದವರು ಅವರಿಬ್ಬರೇ. ಮುಂದಿನ ಭಾನುವಾರ ಗೋಡೆಯಾಚೆ ಫೋನು ಬಡಿದುಕೊಳ್ಳುತ್ತಲೇ ಇತ್ತು, ಇವರು ಎತ್ತಲಿಲ್ಲ. ಅದರ ಮುಂದಿನ ವಾರವೂ ಅಷ್ಟೇ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಇವತ್ತು ಹೇಳಿಬಿಡಬೇಕೆಂದು ದಿನವೂ ಅಂದುಕೊಂಡೆ, ದಿನವೂ ಹಾಲಿಟ್ಟು ವಾಪಸು ಬಂದೆ. ಅಷ್ಟರಲ್ಲಿ ಅವರಿಗೆ ಕೊರೋನಾ ಬಂತು. ಆಂಬುಲೆನ್ಸಿನವರು ಕರೆದೊಯ್ದರು. ಒಂಬತ್ತನೆಯ ದಿನ ಆಸ್ಪತ್ರೆಯಲ್ಲೇ ತೀರಿಕೊಂಡರು.

ಅವರ ಮನೆಯ ಕೀಲಿ ನನ್ನ ಹತ್ತಿರವಿತ್ತು. ಭಾನುವಾರ ಫೋನು ಬಡಿದುಕೊಂಡಾಗ ನಾನೇ ಹೋಗಿ ಎತ್ತಿ ಸುದ್ದಿ ಹೇಳಿದೆ. ಆ ಕಡೆಯ ಮುದುಕರು ತುಂಬ ಹೊತ್ತು ಅತ್ತರು. ಆಮೇಲೆ ಕೇಳಿದರು, “ವಾರಗಳಿಂದ ಫೋನೇ ಎತ್ತಿರಲಿಲ್ಲ. ನನ್ನ ಮೇಲೇನಾದ್ರೂ ಬೇಜಾರಿತ್ತಾ ಅವನಿಗೆ?”

“ಇಲ್ಲ ಸರ್, ಹುಷಾರಿರ್ಲಿಲ್ಲ ಅಷ್ಟೇ,” ಅಂದೆ.