ಮುಖ ನೋಡಿದ ಎಣ್ಣೆ

ನನ್ನ ತಮ್ಮ ಪಾಲಾಕ್ಷನಂಥ ಹಟಮಾರಿಯನ್ನು ನಮ್ಮೂರು ಹಲವಾಗಲಿನಲ್ಲಿ ಇನ್ಯಾರೂ ಹೆತ್ತಿಲ್ಲ. ಹರಪನಹಳ್ಳಿಗೆ ಬಾಡಿಗೆ ಓಡಿಸುವ ಹಳೇ ಡೀಸೆಲ್ ಜೀಪು ಅವನದು. ಡೀಸೆಲ್ ತುಟ್ಟಿಯಾಯಿತೆಂದು ಬಜ್ಜಿ ಅಂಗಡಿಯ ಕರಿದ ಎಣ್ಣೆ ಸೋಸಿ, ಅರ್ಧಕ್ಕರ್ಧ ಬೆರೆಸಿ ಹಾಕುತ್ತಿದ್ದ. ಜೀಪು ಹೋದ ದಾರಿಯೆಲ್ಲ ಮಿರ್ಚಿ ವಾಸನೆ. ಅಲ್ಲಿಯವರೆಗೆ ನಾವೂ ನಗುತ್ತಿದ್ದೆವು.

ಆಮೇಲೆ ಅವನ ಕಣ್ಣು ಶನಿದೇವರ ಗುಡಿಯ ಕೊಳಗದ ಮೇಲೆ ಬಿತ್ತು. ಶನಿವಾರ ಜನ ಬಟ್ಟಲಿನ ಎಳ್ಳೆಣ್ಣೆಯಲ್ಲಿ ತಮ್ಮ ಮುಖ ನೋಡಿಕೊಂಡು, ಪೀಡೆ ಕಳೆಯಲೆಂದು ಅದನ್ನು ಕೊಳಗಕ್ಕೆ ಸುರಿದು, ತಿರುಗಿ ನೋಡದೆ ಮನೆಗೆ ಹೋಗುತ್ತಾರೆ. ಆ ಎಣ್ಣೆಯನ್ನು ಯಾರೂ ಮುಟ್ಟುವುದಿಲ್ಲ. ಇವನು ಡಬ್ಬಿಗಟ್ಟಲೆ ಹೊತ್ತು ತಂದ.

"ಮಂದಿ ಪೀಡಾ ಮನೀಗೆ ತರ್ತೀಯೇನಲೇ? ಬಸುರಿ ಹೆಂಡ್ತಿ ಅದಾಳ ಮನ್ಯಾಗ!" ಎಂದು ಕೂಗಾಡಿದೆ.

"ಸುಮ್ನಿರಕ್ಕಾ, ಎಣ್ಣಿ ಅಂದ್ರ ಎಣ್ಣಿ," ಎಂದು ನಕ್ಕ.

ಆ ಎಣ್ಣೆ ಹಾಕಿದ ಮೇಲೆ ಜೀಪು ಕೆಲವು ಮನೆಗಳ ಮುಂದೆ ತಾನಾಗಿ ನಿಲ್ಲತೊಡಗಿತು. ಎಲ್ಲವೂ ಎಣ್ಣೆ ಸುರಿದವರ ಮನೆಗಳೇ. ಫಿಲ್ಟರಿನಲ್ಲಿ ಬತ್ತಿಯ ಕಸ ಸಿಕ್ಕಿದೆ ಎಂದು ಪಾಲಾಕ್ಷ ಬಿಚ್ಚಿ ಊದುತ್ತಿದ್ದ. ಏನು ಮಾಡಿದರೂ, ಆ ಮನೆಯವರು ಬಂದು ಕಣ್ಣಾರೆ ನೋಡುವವರೆಗೆ ಜೀಪು ಅಲ್ಲಾಡುತ್ತಿರಲಿಲ್ಲ. ನಮ್ಮ ಓಣಿಯ ಹೊನ್ನೂರಮ್ಮ ಬಾಗಿಲಿಗೆ ಬಂದು ನೋಡಿದಳು, ಜೀಪು ಹೊರಟಿತು. ಎಣ್ಣೆ ಸುರಿದ ಮೇಲೆ ಬಿಟ್ಟುಹೋಗಿದ್ದ ಅವಳ ಮೂರ್ಛೆರೋಗ ಅದೇ ವಾರ ಮರಳಿ ಬಂತು. ಅಂದಿನಿಂದ ಜೀಪಿನ ಸದ್ದು ಕೇಳಿದರೆ ಓಣಿಯ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು.

ಪಾಲಾಕ್ಷನ ಹೆಂಡತಿ ಸುಕನ್ಯಾಳಿಗೆ ಒಂದು ದಿನ ಮಧ್ಯಾಹ್ನ ಹೆರಿಗೆ ನೋವು ಶುರುವಾಯಿತು. ಕೂಸು ಅಡ್ಡ ತಿರುಗಿದೆ, ಈಗಲೇ ಹರಪನಹಳ್ಳಿಗೆ ಒಯ್ಯಿರಿ ಎಂದಳು ಊರ ನರ್ಸಮ್ಮ. ಆಂಬುಲೆನ್ಸು ಎಲ್ಲೋ ದೂರದಲ್ಲಿತ್ತು. ನಮ್ಮ ಅಂಗಳದಲ್ಲೇ ನಿಂತಿದ್ದ ಜೀಪು ಜಪ್ಪಯ್ಯ ಎಂದರೂ ಚಾಲೂ ಆಗಲಿಲ್ಲ.

ಒಳಗೆ ಸುಕನ್ಯಾ ನನ್ನ ಕೈ ಹಿಡಿದಳು. "ಅಕ್ಕಾ, ಜೀಪಿನ್ಯಾಗ ಇರೋದು ನನ್ನ ಎಣ್ಣಿ. ಹೆರಿಗ್ಯಾಗ ಜೀವಕ್ಕ ಗಂಡಾಂತರ ಐತಿ ಅಂದಿದ್ರು ಜೋಯಿಸರು. ಹೋದ ಶನಿವಾರ ನಾನೂ ಮುಖ ನೋಡಿ ಹಾಕಿ ಬಂದೀನಿ."

ನಾನು ಎದ್ದು ಬಾಗಿಲಿಗೆ ಅಡ್ಡ ನಿಂತೆ. "ನೋಡಬ್ಯಾಡವ್ವಾ, ನಿನ್ನ ಕಾಲಿಗೆ ಬೀಳ್ತೀನಿ. ಬ್ಯಾರೆ ಗಾಡಿ ಬರತೈತಿ."

"ಅಲ್ಲೀತನ ಕೂಸು ಉಳೀತೈತೇನು? ಸರೀರಿ ಅಕ್ಕಾ."

ಗೋಡೆ ಹಿಡಿದು ಎದ್ದು ಬಂದಳು. ಹೊಸ್ತಿಲಲ್ಲಿ ನಿಂತು, ರೆಪ್ಪೆ ಬಡಿಯದೆ ಜೀಪನ್ನು ನೋಡಿದಳು. ಎಂಜಿನ್ ಗುರುಗುಟ್ಟಿತು. ಪಾಲಾಕ್ಷ ಇನ್ನೂ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡಿದ್ದ, ಚಾವಿ ಅವನ ಜೇಬಿನಲ್ಲಿತ್ತು.

ಹರಪನಹಳ್ಳಿಯವರೆಗೆ ಜೀಪು ಎಲ್ಲೂ ನಿಲ್ಲಲಿಲ್ಲ. ದಾರಿಯುದ್ದಕ್ಕೂ ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂಸಿನ ಜೊತೆ ಮಾತಾಡುತ್ತಿದ್ದಳು.

ಹೆಣ್ಣು ಕೂಸು. ಗಟ್ಟಿಯಾಗಿ ಅತ್ತಿತು. ಸುಕನ್ಯಾ ಆ ಅಳು ಕೇಳಿಸಿಕೊಂಡಳಂತೆ, ಆಮೇಲೆ ಹೋದಳು.

ಪಾಲಾಕ್ಷ ಕೂಸಿಗೆ ಕೈ ಚಾಚಿದ. ನಾನು ಕೊಡಲಿಲ್ಲ. "ಮೊದ್ಲು ಕೈ ತೊಳಕೊಂಡು ಬಾ," ಎಂದೆ. ಆಸ್ಪತ್ರೆಯ ನಲ್ಲಿಯ ಕೆಳಗೆ ಅವನು ಸಂಜೆಯವರೆಗೆ ತೊಳೆಯುತ್ತಲೇ ಇದ್ದ.