ಹಲ್ಲು ಬಿಟ್ಟು ನಿಂತುಹೋದ ಮುಖ

ಅಕ್ಕನೂ ನಾನೂ ದಿನಾ ಮಧ್ಯಾಹ್ನ ಕಾಫಿ ಹೊತ್ತಿಗೆ ವಿಡಿಯೋ ಕಾಲ್ ಮಾಡುತ್ತೇವೆ. ಸದ್ದಿಲ್ಲದ ಕಾಲ್. ಬರೀ ತುಟಿ ಅಲ್ಲಾಡುತ್ತದೆ, ಅಷ್ಟೇ.

ಇದು ಕಾನ್ವೆಂಟ್ ಬೋರ್ಡಿಂಗ್‌ನಲ್ಲಿ ಕಲಿತ ವಿದ್ಯೆ. ಅಲ್ಲಿ ಸ್ಟಡಿ ಅವರ್‌ನಲ್ಲಿ ಸೈಲೆನ್ಸ್ ಅಂದರೆ ಸೈಲೆನ್ಸ್. ಪಿಸುಗುಟ್ಟಿದರೂ ಸಿಸ್ಟರ್ ಕಿವಿಗೆ ಬೀಳುತ್ತಿತ್ತು. ಹಾಗಾಗಿ ನಾವಿಬ್ಬರೂ ಎದುರುಬದುರು ಡೆಸ್ಕಿನಲ್ಲಿ ಕೂತು, ಗಂಟಲಿಗೆ ಕೆಲಸವೇ ಕೊಡದೆ ಲೋಕದ ಸುದ್ದಿಯೆಲ್ಲ ಮಾತಾಡುತ್ತಿದ್ದೆವು. ರಾತ್ರಿಗೆ ಮತ್ತೆ ಅದೇ ಕುಂಬಳಕಾಯಿ ಸಾರಾ ಅನ್ನುವಲ್ಲಿಂದ ಹಿಡಿದು, ಹೊಸ ಮ್ಯೂಸಿಕ್ ಟೀಚರ್ ಯಾರಿಗೆ ಲೆಟರ್ ಬರೀತಾರೆ ಅನ್ನುವವರೆಗೆ. ಈಗ ಕಳಸದಲ್ಲಿರುವ ಅಕ್ಕನ ಕಿವಿ ಪೂರಾ ಮಂದ. ಹಿಯರಿಂಗ್ ಏಡ್ ಹಾಕಿಕೊಂಡರೆ ಅಡುಗೆಮನೆಯ ಮಿಕ್ಸಿ ಮಾತ್ರ ಕೇಳುತ್ತದಂತೆ. ಆದರೆ ನನ್ನ ತುಟಿಯನ್ನು ಅವಳು ಇವತ್ತಿಗೂ ತಪ್ಪಿಲ್ಲದೆ ಓದುತ್ತಾಳೆ. ಸ್ಕ್ರೀನಿನಲ್ಲಿ ಅವಳ ಮುಖ ಕಂಡ ಕೂಡಲೇ ನನಗೆ ಆ ಡೆಸ್ಕಿನ ಮರದ ವಾಸನೆ ಬರುತ್ತದೆ. ಸಿಲ್ಲಿ, ಐ ನೋ.

ಇಂಥ ಮಾತುಕತೆಗೆ ನನ್ನ ಫೋನ್ ಕಲ್ಲು ಹಾಕಿತು.

ಮಳೆಗಾಲ ಹಿಡಿಯುವುದರೊಳಗೆ ಅಕ್ಕ ಕೂದಲು ಕತ್ತರಿಸಿಕೊಂಡಿದ್ದಳು. ಸೊಂಟ ಮುಟ್ಟುತ್ತಿದ್ದ ಜಡೆ! ಈ ವಯಸ್ಸಿನಲ್ಲಿ ಜೂನ್ ತಿಂಗಳ ಥಂಡಿಯಲ್ಲಿ ಅದನ್ನು ಒಣಗಿಸುತ್ತಾ ಒಲೆ ಮುಂದೆ ಕೂರಲು ಯಾರಿಂದಾಗುತ್ತದೆ ಅಂತ ಅವಳ ವಾದ. ಕ್ಯಾಮೆರಾ ಮುಂದೆ ತಲೆ ಆಚೆ ಈಚೆ ತಿರುಗಿಸಿ, "ಹೇಗಿದೆಯೇ?" ಅಂದಳು. ನಾನು "ಚೆನ್ನಾಗಿದೆ" ಅನ್ನಲು ಬಾಯಿ ತೆರೆದೆ. "ಚೆ"ಗೇ ಫೋನ್ ಹ್ಯಾಂಗ್. ಹಲ್ಲೆಲ್ಲ ಹೊರಗೆ ಬಿಟ್ಟ ನನ್ನ ಮುಖ ಅವಳ ಸ್ಕ್ರೀನಿನಲ್ಲಿ ಹಾಗೇ ನಿಂತುಹೋಯಿತು.

ಅಕ್ಕನ ಮೆಸೇಜ್ ಬಂತು: "ನಿನ್ನ ನಗು ನೋಡಿದೆ. ಸಾಕು."

ಹ್ಯಾಂಗ್ ಆಗಿತ್ತು ಕಣೇ ಅಂತ ಬರೆದರೆ, "ಕಾನ್ವೆಂಟ್‌ನಲ್ಲೂ ನಿನಗೆ ನೆಪಕ್ಕೇನು ಕಮ್ಮಿ ಇರಲಿಲ್ಲ" ಅಂತ ಉತ್ತರ. ಬರೆದದ್ದನ್ನು ಅವಳು ನಂಬುವವಳೇ ಅಲ್ಲ, ಮುಖ ನೋಡಿದರೆ ಮಾತ್ರ ನಂಬುತ್ತಾಳೆ. ಬಹಳ ಕಾಡಿದ ಮೇಲೆ ಒಮ್ಮೆ ಕಾಲ್ ಎತ್ತಿದಳು. ಸಮಾಧಾನ ಮಾಡೋಣ ಅಂತ ಸ್ವೀಟಾಗಿ ಬಾಯಿ ತೆರೆದೆ. ಮತ್ತೆ ಹ್ಯಾಂಗ್, ಮತ್ತೆ ಅದೇ ಹಲ್ಲು. ಆಮೇಲೆ ಅವಳು ಎತ್ತಲೇ ಇಲ್ಲ. ಮಧ್ಯಾಹ್ನದ ಕಾಫಿಗೆ ರುಚಿ ಹೋಯಿತು.

ಫೋನ್ ಹಿಡಿದುಕೊಂಡು ಬಣಕಲ್‌ನ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿ ನಡೆಸುವ ಹೆಂಗಸು ಒಳ್ಳೆಯ ಮಾತುಗಾತಿ.

"ಕ್ಯಾಶ್ಡ್ ಡೇಟಾ ತುಂಬಿ ಉಸಿರು ಕಟ್ಟಿದೆ ಅಮ್ಮಾ ಇದಕ್ಕೆ" ಅಂದಳು. "ಒಂದು ಸಲ ತೋರಿಸಿದ್ದು ಮತ್ತೆ ಬೇಕಾದೀತು ಅಂತ ಒಂದೊಂದು ಆ್ಯಪೂ ಎತ್ತಿಟ್ಟುಕೊಳ್ಳುತ್ತೆ. ಕ್ಲಿಯರ್ ಮಾಡ್ಲಾ?"

"ನನ್ನ ಅಕ್ಕನ ಫೋಟೋ ಹೋದರೆ?"

"ಹೋಗಲ್ಲ. ನೋಡಿ, ಮೀನು ಸಾರಿನ ವಿಡಿಯೋ ಆ್ಯಪ್ ಒಂದೇ ಎಷ್ಟು ಜಾಗ ತಿಂದಿದೆ! ಅಷ್ಟು ಮೀನು ಎಲ್ಲಿ ಹಾಕ್ತೀರಮ್ಮಾ?"

ಓ, ಹಾಗಾದರೆ ಇದು ಕಂಬಚಿಗುರು ಅಂದುಕೊಂಡೆ. ಕಾಫಿ ಗಿಡದ ಬೊಡ್ಡೆಯ ಮೇಲೆ ನೆಟ್ಟಗೆ ಏಳುತ್ತದಲ್ಲ, ನೋಡಲು ಹಸಿರಾಗಿ ಲಕ್ಷಣವಾಗಿ, ಹಣ್ಣು ಬಿಡದೆ ಗಿಡದ ಸಾರ ಹೀರುತ್ತಾ? ಕಿತ್ತರೆ ಗಿಡಕ್ಕೆ ನೋವಿಲ್ಲ, ಉಸಿರಾಡಲು ಜಾಗ. ಮದುವೆಯಾಗಿ ಬಂದಾಗಿನಿಂದ ತೋಟದಲ್ಲಿ ಕೀಳಿಸಿದ್ದೇನೆ. ಆ ಉಮೇದಿನಲ್ಲಿ ಫೋನ್ ಕಿತ್ತುಕೊಂಡು ನಾನೇ ಒತ್ತತೊಡಗಿದೆ. ಮೀನು ಸಾರು, ಕ್ಲಿಯರ್. ಕ್ರಾಸ್‌ವರ್ಡ್, ಕ್ಲಿಯರ್. ಪಕ್ಕದ ಇನ್ನೊಂದು ಬಟನ್ ಮೇಲೆ ಬೆರಳು ಹೋಗುತ್ತಿದ್ದ ಹಾಗೆ ಅವಳು ಕೈ ಹಿಡಿದಳು.

"ಅಯ್ಯೋ, ಅದು ಮುಟ್ಟಬೇಡಿ ಮಾರಾಯ್ರೆ! ಆ ಆ್ಯಪಲ್ಲಿ ಇರೋದೆಲ್ಲ ಹೋಗುತ್ತೆ."

ಅಂದರೆ ಗಿಡವನ್ನೇ ಬೇರು ಸಮೇತ ಕಿತ್ತ ಹಾಗೆ. ಬೆರಳು ಮಡಚಿಕೊಂಡೆ.

ಫೋನ್ ಆಫ್ ಮಾಡಿ ಆನ್ ಮಾಡಿ, ಕಾನ್ವೆಂಟ್‌ನಲ್ಲಿ ಕಲಿತ ಹೇಲ್ ಮೇರಿ ಪ್ರಾರ್ಥನೆ ಒಂದು ಹೇಳಿ, ಅಲ್ಲೇ ಅಕ್ಕನಿಗೆ ಕಾಲ್ ಹಚ್ಚಿದೆ. ತುಂಬಾ ಹೊತ್ತು ರಿಂಗಾಯಿತು. ಕೊನೆಗೆ ಎತ್ತಿದಳು. ಮುಖ ಊದಿತ್ತು.

ನಾನು ಹಿಂದಿನ ಹಾಗೇ ಸದ್ದಿಲ್ಲದೆ, "ನಾನು ನಗಲಿಲ್ಲ ಕಣೇ" ಅಂದೆ.

"ಸುಳ್ಳಿ" ಅಂದವು ಅಕ್ಕನ ತುಟಿಗಳು.

"ಫೋನ್ ಕೆಟ್ಟಿತ್ತು. ಪ್ರಾಮಿಸ್."

ಅಂಗಡಿಯವಳು ಗಾಬರಿಯಾದಳು. "ಅಮ್ಮಾ, ವಾಯ್ಸೇ ಬರ್ತಿಲ್ಲವಲ್ಲ! ಮೊದಲೇ ಹೇಳಬಾರದಾ?" ವಾಲ್ಯೂಮ್ ಒತ್ತಿದಳು. ಪುಟ್ಟ ಬ್ರಶ್ ತಂದು ಸ್ಪೀಕರಿನ ತೂತು ಉಜ್ಜಿದಳು. ಏನಂತ ಹೇಳಲಿ? ಅವಳ ಕಡೆ ಮುಖ ತಿರುಗಿಸಿದರೆ ಅಕ್ಕನಿಗೆ ನಾನು ತಪ್ಪಿಸಿಕೊಂಡ ಹಾಗೆ. ಸುಮ್ಮನೆ ಕೈ ಆಡಿಸಿದೆ. ಜೋರಾಗಿ ಉಜ್ಜು ಅಂತ ಅರ್ಥ ಮಾಡಿಕೊಂಡಳು.

"ಹಾಗಾದರೆ ಈಗ ಹೇಳು" ಅಂದಳು ಅಕ್ಕ. ತಲೆಯನ್ನು ನಿಧಾನವಾಗಿ ಆಚೆ, ಈಚೆ ತಿರುಗಿಸಿದಳು. ನೆತ್ತಿಯ ಮೇಲೊಂದು ಗುಚ್ಛ ನೆಟ್ಟಗೆ ನಿಂತಿತ್ತು, ಥೇಟ್ ಪಿಕಳಾರ ಹಕ್ಕಿಯ ಜುಟ್ಟು. ಫೋನೋ, ಒಂದು ಕೂದಲೂ ನಡುಗದ ಹಾಗೆ ಎಷ್ಟು ಚಂದ ತೋರಿಸುತ್ತಿದೆ! ಚೆನ್ನಾಗಿದೆ ಅನ್ನಲು ತುಟಿ ಜೋಡಿಸಿಕೊಂಡೆ. ಆಗಲಿಲ್ಲ. ನಗು ನುಗ್ಗಿ ಬಂತು, ಭುಜವೆಲ್ಲ ಕುಣಿಯಿತು. ಈ ಸಲ ಹ್ಯಾಂಗ್ ಅನ್ನುವ ನೆಪವೂ ಇಲ್ಲ.

ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. "ಇದು ನಗು" ಅಂದಳು. "ಅವತ್ತಿನದು ಹೀಗಿರಲಿಲ್ಲ. ನಿಂಗೆ ನಗು ಬಂದರೆ ಮೂಗು ಸುಕ್ಕಾಗುತ್ತೆ ಅನ್ನೋದು ಮರೆತೇ ಹೋಗಿತ್ತು ಕಣೇ." ಹೇಳುತ್ತಾ ಹೇಳುತ್ತಾ ಅವಳಿಗೂ ತಡೆಯಲಾಗಲಿಲ್ಲ. ಸಿಸ್ಟರ್ ಇಲ್ಲದ ಹೊತ್ತಿನಲ್ಲಿ ನಗುತ್ತಿದ್ದ ಹಾಗೆ, ಗಂಟಲು ಬಿಟ್ಟು, ಅಂಗಡಿಯೆಲ್ಲ ತುಂಬುವ ಹಾಗೆ ನಕ್ಕಳು.

"ಬಂತು, ಬಂತು!" ಅಂಗಡಿಯವಳು ಬ್ರಶ್ ಎತ್ತಿ ಹಿಡಿದಳು. "ಸ್ಪೀಕರ್ ಸರಿಯಾಯ್ತು ನೋಡಿ ಅಮ್ಮಾ!"